ಸೀಗಿ ಹುಣ್ಣಿಮೆಯ ಬುತ್ತಿಯೊಳಗೆ ನಮ್ಮ ಹೊಲದ್ದೆಷ್ಟು?

ಆಶ್ವೀಜ ಮಾಸದ ಹುಣ್ಣಿಮೆಗೆ ನಮ್ಮ ಗದಗ, ಧಾರವಾಡ, ಕೊಪ್ಪಳ ಸೀಮೆಯಲ್ಲಿ ಸೀಗಿ ಹುಣ್ಣಿಮೆ ಅಂತಾರೆ. ಬನ್ನಿ ಮುಡಿದು ಐದು ದಿನಕ್ಕೆ ಬರುತ್ತದೆ. ಮಲೆನಾಡಿನವರು ಇದನ್ನೇ ಭೂಮಿ ಹುಣ್ಣಿಮೆ ಎಂದು ಮಾಡುತ್ತಾರೆ. ಬೆಳೆ ಹೊಡೆ ತುಂಬಿ ನಿಂತಿದೆ, ಭೂಮಿತಾಯಿ ಬಸುರಿ, ಆಕೆಗೆ ಬಯಕೆಯ ಊಟ ಉಣಿಸಬೇಕು ಎಂಬ ಭಾವನೆ ಎರಡೂ ಕಡೆ ಒಂದೇ.

ಆ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಹುಬ್ಬಳ್ಳಿ, ಬೆಂಗಳೂರು ಸೇರಿದ ಮಕ್ಕಳೂ ಬರುತ್ತಾರೆ. ಚಕ್ಕಡಿ ಇದ್ದವರು ಎತ್ತಿಗೆ ಗೊಂಡೆ, ಗೆಜ್ಜೆ ಕಟ್ಟಿ ಹೂಡುತ್ತಾರೆ, ಉಳಿದವರಿಗೆ ಟ್ರ್ಯಾಕ್ಟರ್ ಇದೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಸುಣ್ಣ ಹಚ್ಚಿ ಪಾಂಡವರೆಂದು ಪೂಜೆ. ಹೆಣ್ಣುಮಕ್ಕಳು ಉಡಿ ತುಂಬುತ್ತಾರೆ. ತಂದ ಅಡಿಗೆಯನ್ನೆಲ್ಲ ಬುಟ್ಟಿಯಲ್ಲಿ ಕಲಸಿ, ಒಬ್ಬ ಮುಂದೆ ಕೂಗುತ್ತ, ಹಿಂದಿನವರು ಓಗೊಡುತ್ತ ಹೊಲದ ಸುತ್ತ ಚೆಲ್ಲುತ್ತಾರೆ. ಇದೇ ಚರಗ. ಆಮೇಲೆ ಎಲ್ಲರೂ ಕೂಡಿ ಊಟ. ಒಣಬೇಸಾಯದವನಿಗೆ ಇದಕ್ಕಿಂತ ದೊಡ್ಡ ಜಾತ್ರಿ ಬೇರೆ ಇಲ್ಲ.

ಚರಗದ ಸುತ್ತು

ವರ್ಷದಲ್ಲಿ ನಾಲ್ಕೂ ಬದು ಮುಟ್ಟಿ ಹೊಲ ಸುತ್ತುವ ದಿನ ಇದೊಂದೇ ಎಂಬ ಮನೆಗಳು ಈಗ ಬಹಳ. ಸುತ್ತುವಾಗ ಕಣ್ಣು ತೆರೆದಿರಬೇಕು. ಒಡ್ಡು ಎಲ್ಲಿ ಒಡೆದಿದೆ, ನೀರು ಎಲ್ಲಿ ನಿಂತಿದೆ, ಕಾಯಿಗೆ ಹುಳ ಬಿದ್ದಿದೆಯೇ ಎಂಬುದೆಲ್ಲ ಕಾಣುತ್ತದೆ. ಚರಗ ತಿನ್ನಲು ಬಂದ ಹಕ್ಕಿ ಬೆಳೆಯ ಹುಳವನ್ನೂ ಹೆಕ್ಕುತ್ತದೆ ಎಂದು ಹಿರಿಯರು ಹೇಳುತ್ತಿದ್ದರು.

ಹುಣ್ಣಿಮೆಯ ತಾರೀಕು ಮಾತ್ರ ವರ್ಷ ವರ್ಷ ಸರಿಯುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದಿದ್ದರಿಂದ ಅಕ್ಟೋಬರ್ 28ಕ್ಕೆ ಬಿತ್ತು, ಆಗ ಸ್ವಾತಿ ಮಳೆಯ ಕಾಲ. 2025ರಲ್ಲಿ ಅಕ್ಟೋಬರ್ ಮೊದಲ ವಾರದಲ್ಲೇ, ಹಸ್ತದೊಳಗೆ ಬಂತು. ಎರಿ ಹೊಲದಲ್ಲಿ ಹಿಂಗಾರಿ ಜೋಳದ ಬಿತ್ತಿಗೆ ಇನ್ನೂ ನಡೆದಿತ್ತು. ಹೀಗಾಗಿ ಪ್ರತಿ ಸುತ್ತಿನಲ್ಲೂ ನೋಡುವ ಬೆಳೆ ಬೇರೆ ಬೇರೆ.

ಬುತ್ತಿಯೇ ಬೀಜದ ಲೆಕ್ಕ

ಈಗ ಬುತ್ತಿ ಬಿಚ್ಚಿ ನೋಡೋಣ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ ಬದನೆಕಾಯಿ, ಪುಂಡಿಪಲ್ಲೆ, ಮಡಕಿಕಾಳಿನ ಪಲ್ಲೆ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಕಡಬು, ಮೊಸರು, ಬಾನ. ಇಷ್ಟೂ ಒಂದು ಕಾಲಕ್ಕೆ ಒಂದೇ ಹೊಲದ್ದು, ಒಂದೇ ಕೊಟ್ಟಿಗೆಯದು. ಸಜ್ಜಿ ಸಾಲಿನ ನಡುವೆ ಅಕ್ಕಡಿಯಾಗಿ ಮಡಕಿ, ತೊಗರಿ, ಅಂಚಿಗೆ ಪುಂಡಿ, ಗುರೆಳ್ಳು. ಹಿಂಗಾರಿಗೆ ಜೋಳ, ಕಡಲಿ, ಅಗಸಿ.

ಈಗ ಮುಂಗಾರಿಗೆ ಗೋವಿನಜೋಳ ಅಥವಾ ಹತ್ತಿ, ಬದುವಿನಿಂದ ಬದುವಿನವರೆಗೆ ಒಂದೇ ಬೆಳೆ. ಬಿಟಿ ಹತ್ತಿಗೆ ದೇಶದಲ್ಲಿ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಆಮೇಲೆ ಅಕ್ಕಡಿ ಸಾಲು ಇನ್ನೂ ತೆಳ್ಳಗಾಯಿತು. ರೊಕ್ಕದ ಬೆಳೆ ಬೇಡವೆಂದು ನಾನು ಹೇಳುವುದಿಲ್ಲ, ಸಾಲ ತೀರಿಸಲು ಅದು ಬೇಕು. ಆದರೆ ಬುತ್ತಿಯ ಗುರೆಳ್ಳು, ಸಜ್ಜಿ, ಮಡಕಿ ಸಂತೆಯಿಂದ ಬಂದವೆಂದರೆ ಅವುಗಳ ಬೀಜ ನಮ್ಮ ಮನೆಯ ಗಡಿಗೆಯಲ್ಲಿ ಇಲ್ಲವೆಂದೇ ಅರ್ಥ. ಊರಿನಲ್ಲಿ ಯಾರ ಮನೆಯಲ್ಲೂ ಇಲ್ಲದಾದರೆ ಆ ಜವಾರಿ ತಳಿ ಹೋದಂತೆಯೇ.

2023ರ ಬರ ನೆನಪಿರಬೇಕು. ರಾಜ್ಯದ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ನಮ್ಮ ಹೊಲದ ಗೋವಿನಜೋಳ ತೆನೆ ಕಟ್ಟದೆ ಒಣಗಿತು. ಅಂಚಿನ ಎರಡು ಗುಂಟೆ ಸಜ್ಜಿ ಮಾತ್ರ ಕುಳ್ಳಾದರೂ ಕಾಳು ಕೊಟ್ಟಿತು. ಆ ವರ್ಷದ ಚರಗಕ್ಕೆ ಹೊಲದ್ದೆಂದು ಸೇರಿಸಲು ಅದೊಂದೇ ಇತ್ತು. ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದ್ದೂ ಅದೇ 2023ನ್ನು.

ಹುಣ್ಣಿಮೆ ಪಟ್ಟಿ

ನನ್ನ ಸಲಹೆ ಸಣ್ಣದು. ಎಷ್ಟೇ ಎಕರೆ ಇರಲಿ, ಐದು ಗುಂಟೆ ಹುಣ್ಣಿಮೆಯ ಬುತ್ತಿಗೆ ಬಿಡಿ. ಎಕರೆಗೆ ಎರಡು ಕಿಲೋ ಲೆಕ್ಕದಲ್ಲಿ ಎರಡು ಗುಂಟೆಗೆ 100 ಗ್ರಾಂ ಸಜ್ಜಿ ಬೀಜ ಸಾಕು. ಉಳಿದುದಕ್ಕೆ ಮಡಕಿ, ಎಳ್ಳು, ಗುರೆಳ್ಳು ಒಂದೊಂದು ಹಿಡಿ, ಸುತ್ತ ಪುಂಡಿ. ಮೃಗಶಿರಾ ಮಳೆಗೆ ಬಿತ್ತಿದ ಸಜ್ಜಿ ಮೂರು ತಿಂಗಳಿಗೆ ಕೈಗೆ ಬರುತ್ತದೆ, ಹುಣ್ಣಿಮೆಯ ರೊಟ್ಟಿಗೆ ಹಿಟ್ಟು ಸಿದ್ಧ.

ತೊಂದರೆ ಎರಡಿವೆ. ಒಂದು, ಸಣ್ಣ ಪಟ್ಟಿಗೆ ಹಕ್ಕಿ ಮುಗಿಬೀಳುತ್ತವೆ. ನಾಲ್ಕು ಹೊಲ ಕೂಡುವ ಮೂಲೆಯಲ್ಲಿ ನಾಲ್ವರೂ ಒಟ್ಟಿಗೆ ಬಿತ್ತಿದರೆ ನಷ್ಟ ಹಂಚಿಹೋಗುತ್ತದೆ, ಕಾಯುವುದೂ ಸಸಾರ. ಎರಡು, ಸಜ್ಜಿಯ ಪರಾಗ ಗಾಳಿಗೆ ಹಾರುತ್ತದೆ. ಹತ್ತಿರ ಹೈಬ್ರಿಡ್ ಸಜ್ಜಿ ಇದ್ದರೆ ಜವಾರಿ ಬೆರಕೆಯಾಗುತ್ತದೆ. ಅಂಥ ಹೊಲದಿಂದ ದೂರ ಬಿತ್ತಿ, ಬೀಜಕ್ಕೆ ಪಟ್ಟಿಯ ನಡುವಿನ ಹತ್ತಾರು ಗಿಡಗಳ ಒಳ್ಳೆಯ ತೆನೆ ಆರಿಸಿಕೊಳ್ಳಿ. ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಗಡಿಗೆಯಲ್ಲಿಡಿ.

ಹೊಲದಲ್ಲಿ ಉಣ್ಣಲು ಕುಂತಾಗ ಮಕ್ಕಳಿಗೆ ಒಂದು ಆಟ ಹಚ್ಚಿರಿ: ಎಲೆಯ ಮೇಲಿನ ಯಾವ ಅಡಿಗೆ ನಮ್ಮ ಹೊಲದ್ದು, ಯಾವುದು ಅಂಗಡಿಯದು? ಅವರೇ ಬೆರಳು ಮಡಚಿ ಎಣಿಸುತ್ತಾರೆ. ಮುಂದಿನ ಹುಣ್ಣಿಮೆಗೆ ಆ ಎಣಿಕೆ ಒಂದಾದರೂ ಏರಲಿ.