ಕೋವಿಯ ಬಾಯಿ ಕಟ್ಟಿದರೆ ಕೈಗೆ ಬೇಡಿ

ಬೈಕಿನ ಸೈಲೆನ್ಸರ್ ಬದಲಾಯಿಸಿ ಊರೆಲ್ಲ ಗುಡುಗಿಸಿಕೊಂಡು ತಿರುಗುವ ಹುಡುಗರಿಗೆ ಪೊಲೀಸರು ದಂಡ ಹಾಕುತ್ತಾರೆ. ಕಿತ್ತ ಕೊಳವೆಗಳನ್ನು ರಸ್ತೆಯಲ್ಲಿ ಸಾಲಾಗಿ ಮಲಗಿಸಿ ಮೇಲೆ ರೋಡ್ ರೋಲರ್ ಹತ್ತಿಸಿದ್ದನ್ನೂ ಜನ ನೋಡಿದ್ದಾರೆ. ಕೋವಿಯ ಕಾನೂನು ಇದಕ್ಕೆ ತಿರುಗುಮುರುಗು. ಇಲ್ಲಿ ಸೈಲೆನ್ಸರ್ ಕಿತ್ತರೆ ತಪ್ಪಲ್ಲ, ಹಾಕಿದರೆ ತಪ್ಪು. ಅದೂ ದಂಡ ಕಟ್ಟಿ ರಶೀದಿ ಪಡೆದು ಮನೆಗೆ ಹೋಗುವ ತಪ್ಪಲ್ಲ, ಜೈಲಿನ ತಪ್ಪು.

'ಕೋವಿಗೆ ಲೈಸೆನ್ಸ್ ಇದೆಯಲ್ಲ ಸಾರ್, ಅದರ ಮೂತಿಗೆ ಸಿಕ್ಕಿಸೋ ಡಬ್ಬಿಗೂ ಬೇರೆ ಲೈಸೆನ್ಸ್ ಬೇಕಾ?' ಅಂತ ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಸ್ಕೂಟರಿಗೆ ಕನ್ನಡಿ ಹಾಕಿಸಿದಂತೆ, ಕೊಡಲಿಗೆ ಹೊಸ ಕಾವು ಹಾಕಿಸಿದಂತೆ ಇದೂ ಒಂದು ಬಿಡಿಭಾಗ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಹಾಗೆ ನೋಡುವುದಿಲ್ಲ. ಅದರ ಎರಡನೇ ಕಲಮಿನಲ್ಲಿ 'ಬಂದೂಕು' ಎಂಬ ಪದಕ್ಕೆ ಅರ್ಥ ಬರೆಯುವಾಗಲೇ, ಗುಂಡು ಹಾರಿದಾಗ ಆಗುವ ಸದ್ದನ್ನಾಗಲಿ ಬೆಂಕಿಯ ಮಿಂಚನ್ನಾಗಲಿ ಕಡಿಮೆ ಮಾಡಲು ತಯಾರಿಸಿದ ಜೋಡಣೆಯನ್ನೂ ಅದರೊಳಗೆ ಸೇರಿಸಿಬಿಟ್ಟಿದ್ದಾರೆ. ಎಂದರೆ ಕಾನೂನಿನ ಕಣ್ಣಿಗೆ ಆ ಗೇಣುದ್ದದ ಕೊಳವೆಯೇ ಒಂದು ಬಂದೂಕು. ಮದ್ದಿಲ್ಲ, ಕುದುರೆಯಿಲ್ಲ, ತೋಟಾ ಇಲ್ಲ. ಮೇಜಿನ ಮೇಲೆ ಪೇಪರ್ ಹಾರದಂತೆ ಭಾರಕ್ಕೆ ಇಟ್ಟಿದ್ದರೂ ಅದು ಬಂದೂಕೇ.

ಬಂದೂಕು ಅಂದ ಮೇಲೆ ಅದಕ್ಕೆ ಲೈಸೆನ್ಸ್ ಬೇಕು. ಸಿಗುತ್ತದೆಯೇ? ಸಾಮಾನ್ಯ ತೋಟಾ ಕೋವಿಗೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಅರ್ಜಿ ಹಾಕಿದಂತಲ್ಲ. ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಈ ಕೊಳವೆ ಕೂತಿರುವುದು ಮೊದಲನೇ ವರ್ಗದಲ್ಲಿ, ಮಿಲಿಟರಿ ತೋಟಾ ಹಿಡಿಸುವ ರೈಫಲುಗಳ ಪಕ್ಕದಲ್ಲಿ. ಅದಕ್ಕೆ ದೆಹಲಿಯ ಗೃಹ ಮಂತ್ರಾಲಯವೇ ಮನಸ್ಸು ಮಾಡಬೇಕು. ತೋಟದ ಹಂದಿ ಓಡಿಸುವವರಿಗೆ ಅದು ಮನಸ್ಸು ಮಾಡೀತೆಂದು ಕಾದು ಕೂರುವವರು ಕೂರಬಹುದು.

ಹಾಗೆ ನೋಡಿದರೆ ರೈತನಿಗೆ ಇದರ ಉಪಯೋಗವಾದರೂ ಏನು? ಬೆಳೆ ಕಾಯುವವನಿಗೆ ಅರ್ಧ ಕೆಲಸ ಮಾಡಿಕೊಡುವುದು ಸದ್ದೇ. ರಾತ್ರಿ ಗದ್ದೆಯ ಅಟ್ಟಣೆಯಲ್ಲಿ ಕೂತು ಕೇಪಿನ ಕೋವಿಯಿಂದ ಒಂದು ಢಂ ಅನ್ನಿಸಿದರೆ ಹಂದಿ ಹಿಂಡು ಅಷ್ಟಕ್ಕೇ ಓಟ ಕೀಳುತ್ತದೆ. ಬಾಯಿ ಕಟ್ಟಿದ ಕೋವಿ ಹಿಡಿದು ಕಾವಲು ಕೂರುವುದು ಬೊಗಳದ ನಾಯಿ ಸಾಕಿದಂತೆ. ಸದ್ದು ಬೇಡವಾಗಿರುವುದು ಇನ್ನೊಬ್ಬನಿಗೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಕಾಡಿನೊಳಗೆ ಕದ್ದು ಜಿಂಕೆ, ಕಡವೆ ಹೊಡೆಯುವವನ ಮೊದಲ ವೈರಿ ಅವನ ಕೋವಿಯ ಸದ್ದೇ. ಮೈಲಿಗಟ್ಟಲೆ ದೂರದ ಗಾರ್ಡಿಗೆ ಅದು ಸುದ್ದಿ ಮುಟ್ಟಿಸುತ್ತದೆ. ಆ ಸುದ್ದಿ ಅಡಗಿಸುವ ಸಾಮಾನು ಯಾರ ಕೈಯಲ್ಲಿ ಸಿಕ್ಕರೂ ಪೊಲೀಸರಿಗೂ ಅರಣ್ಯ ಇಲಾಖೆಯವರಿಗೂ ಅನುಮಾನ ಬರುವುದು ಸಹಜವೇ.

ಸಿನಿಮಾದಲ್ಲಿ ಖಳನಾಯಕ ಪಿಸ್ತೂಲಿಗೆ ಕೊಳವೆ ತಿರುಗಿಸಿ 'ಪುಸ್ಕ್' ಅನ್ನಿಸುತ್ತಾನಲ್ಲ, ಅದು ಸಿನಿಮಾದ ಮಾತು. ಗುಂಡಿನ ಹಿಂದೆ ಒತ್ತಿಕೊಂಡು ಬರುವ ಬಿಸಿ ಅನಿಲ ನಳಿಗೆಯ ಬಾಯಲ್ಲಿ ಒಮ್ಮೆಲೇ ಹೊರಗೆ ನುಗ್ಗುವುದರಿಂದ ಆ ಸ್ಫೋಟದ ಸದ್ದು. ಕೊಳವೆಯೊಳಗೆ ಆ ಅನಿಲ ಹರಡಿ ನಿಧಾನವಾಗುತ್ತದೆ, ಸದ್ದು ಇಳಿಯುತ್ತದೆ. ಆದರೆ ರೈಫಲಿನ ಗುಂಡು ಶಬ್ದಕ್ಕಿಂತ ವೇಗವಾಗಿ, ಸೆಕೆಂಡಿಗೆ 340 ಮೀಟರಿಗೂ ಮೀರಿ ಹೋಗುವುದರಿಂದ ಗಾಳಿಯಲ್ಲೇ ಚಾಟಿ ಬೀಸಿದಂತಹ ಛಟೀರ್ ಸದ್ದು ಉಳಿದೇ ಉಳಿಯುತ್ತದೆ. ಅದನ್ನು ಯಾವ ಕೊಳವೆಯೂ ನುಂಗಲಾರದು.

ಇದನ್ನು ಮೊದಲು ಮಾರಾಟಕ್ಕೆ ತಂದಾತ ಅಮೆರಿಕದ ಹಿರಾಮ್ ಪರ್ಸಿ ಮ್ಯಾಕ್ಸಿಮ್; ಪೇಟೆಂಟ್ ಸಿಕ್ಕಿದ್ದು 1909ರಲ್ಲಿ. ತಂದೆ ಹಿರಾಮ್ ಸ್ಟೀವನ್ಸ್ ಮ್ಯಾಕ್ಸಿಮ್ ಮೆಷಿನ್ ಗನ್ ಕಂಡುಹಿಡಿದು ಲೋಕದ ಕಿವಿ ಒಡೆದವರು, ಮಗ ಕೋವಿಯ ಬಾಯಿ ಮುಚ್ಚಲು ಹೊರಟವರು. ಮೋಟಾರು ಎಂಜಿನ್ನಿನ ಸದ್ದಡಗಿಸುವ ಕೊಳವೆಯೂ ಇದೇ ಮಗನ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಆದ್ದರಿಂದ ಬೈಕಿನದಕ್ಕೂ ಕೋವಿಯದಕ್ಕೂ ಒಂದೇ ಹೆಸರು ಇರುವುದು ಬರೀ ಆಕಸ್ಮಿಕವಲ್ಲ.

ಅಮೆರಿಕದವರು ಇದನ್ನು ಪೂರ್ತಿ ನಿಷೇಧಿಸಲಿಲ್ಲ. 1934ರಲ್ಲಿ 200 ಡಾಲರ್ ತೆರಿಗೆ ಹೇರಿ, ಸರ್ಕಾರದ ದಫ್ತರಿನಲ್ಲಿ ನೋಂದಾಯಿಸಬೇಕೆಂದರು. ಆ ಕಾಲಕ್ಕೆ ಅದು ಭಾರಿ ಹಣ. ತೊಂಬತ್ತು ವರ್ಷ ಒಂದು ಡಾಲರೂ ಹೆಚ್ಚು ಕಡಿಮೆಯಾಗದೆ ಇದ್ದ ಆ ತೆರಿಗೆಯನ್ನು 2025ರಲ್ಲಿ ಆದ ಕಾನೂನು 2026ರ ಜನವರಿ 1ರಿಂದ ಸೊನ್ನೆಗೆ ಇಳಿಸಿತು. ಬೇಟೆಗಾರರ ಕಿವಿ ಕೆಡುವುದಿಲ್ಲವೇ ಎಂಬುದು ಅಲ್ಲಿಯವರ ವಾದ. ಕೆಡುವುದು ನಿಜವೇ. ಆದರೆ ಆ ವಾದ ಇಲ್ಲಿಯ ಠಾಣೆಯಲ್ಲಿ ನಡೆಯುವುದಿಲ್ಲ. ಬೆಂಕಿಯ ಮಿಂಚು ಮರೆಮಾಡುವ ಜೋಡಣೆಗೆ ಅಮೆರಿಕದ ಕೇಂದ್ರ ಕಾನೂನು ನೋಂದಣಿ ಕೇಳುವುದಿಲ್ಲ. ಭಾರತದ ಕಾಯ್ದೆಗೆ ಸದ್ದೂ ಒಂದೇ, ಮಿಂಚೂ ಒಂದೇ. ಅಲ್ಲಿಯ ವಿಡಿಯೋ ನೋಡಿ ಇಲ್ಲಿ ಸಾಮಾನು ತರಿಸುವ ಶೋಕಿಯವರು ಇದನ್ನು ಮೊದಲು ತಿಳಿಯಬೇಕು. ದುರ್ಬೀನು, ಹೆಗಲ ಪಟ್ಟಿ ಇವು ಸದ್ದು-ಮಿಂಚಿನ ಈ ಮಾತಿನಡಿ ಬರುವುದಿಲ್ಲ.

ಈಗ ಲೇತ್ ಅಂಗಡಿಯವರ ಮಾತು. ಇವರಿಗಾಗಿಯೇ ಇದನ್ನು ಬಿಡಿಸಿ ಹೇಳಬೇಕಾಗಿದೆ. ಗಿರಾಕಿ ಬರುತ್ತಾನೆ, ಪೈಪಿನ ತುಂಡು ಕೊಡುತ್ತಾನೆ, 'ಒಂದು ಮರೆ ಕೊಯ್ದು ಕೊಡಿ ಅಣ್ಣ' ಅನ್ನುತ್ತಾನೆ. ನೂರಿನ್ನೂರು ರೂಪಾಯಿಯ ಕೆಲಸ. ಕೊಳವೆಯೇ ಬಂದೂಕಾದರೆ ಅದನ್ನು ಮಾಡಿಕೊಡುವುದು ಬಂದೂಕು ತಯಾರಿಕೆ. ಕಾಯ್ದೆಯ ಐದನೇ ಕಲಮಿನ ಪ್ರಕಾರ ತಯಾರಿಕೆಗೂ ರಿಪೇರಿಗೂ ಬೇರೆಯೇ ಲೈಸೆನ್ಸ್ ಬೇಕು. 2019ರ ಡಿಸೆಂಬರಿನಲ್ಲಿ ಆದ ತಿದ್ದುಪಡಿಯ ನಂತರ ಲೈಸೆನ್ಸಿಲ್ಲದ ತಯಾರಿಕೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಲೈಸೆನ್ಸಿಲ್ಲದೆ ಸಾಮಾನ್ಯ ಬಂದೂಕು ಇಟ್ಟುಕೊಂಡವನಿಗೆ 2ರಿಂದ 5 ವರ್ಷ. ಇಟ್ಟುಕೊಂಡವನಿಗಿಂತ ಮಾಡಿಕೊಟ್ಟವನ ಶಿಕ್ಷೆಯೇ ದೊಡ್ಡದು!

ನಳಿಗೆಗೆ ಸೇರಿಸುವುದು ಹೇಗೋ ಹಾಗೆ ನಳಿಗೆಯಿಂದ ಕಳೆಯುವುದೂ ಅಪರಾಧವೇ. ಕಾಯ್ದೆಯ ಆರನೇ ಕಲಮು ನಳಿಗೆ ಕತ್ತರಿಸಿ ಗಿಡ್ಡ ಮಾಡುವುದಕ್ಕೂ ಲೈಸೆನ್ಸ್ ಬೇಕೆನ್ನುತ್ತದೆ. ಇಲ್ಲದಿದ್ದರೆ ಅದಕ್ಕೂ ಅದೇ 7 ವರ್ಷದಿಂದ ಜೀವಾವಧಿ. ಇಲ್ಲಿ ನೆನಪಿಡಬೇಕಾದ ಅಳತೆ 20 ಇಂಚು. ಆತ್ಮರಕ್ಷಣೆಗೂ ಕ್ರೀಡೆಗೂ ಕೊಡುವ ಸಾದಾ ನಳಿಗೆಯ ಕೋವಿಗೆ ಕಾಯ್ದೆ ಹೇಳಿರುವ ಕನಿಷ್ಠ ಉದ್ದ ಅದು. ತುದಿ ತುಕ್ಕು ತಿಂದಿದೆ, ಸೀಳಿದೆ ಅಂತ ಅಜ್ಜನ ಕಾಲದ ಕೋವಿಗೆ ಗರಗಸ ಹಾಕಿದವರ ಉದ್ದೇಶ ಒಳ್ಳೆಯದೇ ಇರಬಹುದು, ಕಾಯ್ದೆ ನೋಡುವುದು ಇಂಚು ಪಟ್ಟಿಯನ್ನು.

'ಕೊಡಗಿನವರಿಗೆ ಇದ್ಯಾವುದೂ ಇಲ್ಲವಲ್ಲ' ಎಂಬ ಮಾತು ಬಸ್ಸಿನಲ್ಲಿ ಬಂದೇ ಬರುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಿಂದ ವಿನಾಯಿತಿ ಇರುವುದು ನಿಜ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿ ಹಿಡಿಯಿತು. ಆದರೆ ಅದು ಲೈಸೆನ್ಸಿನಿಂದ ಸಿಕ್ಕ ವಿನಾಯಿತಿ. ನಳಿಗೆ ಕತ್ತರಿಸಲು, ಬಾಯಿಗೆ ಕೊಳವೆ ತೊಡಿಸಲು ಸಿಕ್ಕ ಪರವಾನಗಿ ಎಂದು ಯಾರೂ ಓದಿಕೊಳ್ಳಬಾರದು. ಅಲ್ಲದೆ ಅಲ್ಲಿಯ ಸಂಪ್ರದಾಯದಲ್ಲಿ ಸದ್ದೇ ಮುಖ್ಯ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು, ಪುತ್ತರಿಯಲ್ಲಿ ಕದಿರು ತೆಗೆಯುವಾಗ ಗದ್ದೆಯಲ್ಲಿ ಗುಂಡು. ಕಾಫಿ ತೋಟಗಳಾಚೆಯ ಮನೆಗೂ ಸುದ್ದಿ ಮುಟ್ಟಬೇಕಾದ ಕಡೆ ಸೈಲೆನ್ಸರಿಗೆ ಏನು ಕೆಲಸ?

ಪಿತ್ರಾರ್ಜಿತವಾಗಿ ಬಂದ ಕೋವಿ ಅಟ್ಟದಲ್ಲಿದ್ದವರು ನಳಿಗೆಯನ್ನು ಒಮ್ಮೆ ಅಳೆದು ನೋಡುವುದು ಒಳ್ಳೆಯದು. ಲೈಸೆನ್ಸಿನ ಅವಧಿ ಮುಗಿದಿದ್ದರೆ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಪಡೆದ ಬಂದೂಕು ವ್ಯಾಪಾರಿಯ ಬಳಿಯೋ ಒಪ್ಪಿಸಿ ರಶೀದಿ ಪಡೆಯಬೇಕು. ಅಳತೆ 20 ಇಂಚಿಗೆ ಕಡಿಮೆ ಬಂದರೆ, ಅಥವಾ ಬಾಯಿಗೆ ಯಾರೋ ಏನೋ ಬೆಸೆದಿದ್ದು ಕಂಡರೆ, ಮನೆಯಲ್ಲೇ ಸರಿಮಾಡಲು ಹೋಗದೆ ಮೊದಲು ವಕೀಲರನ್ನು ಕಂಡು, ಆಮೇಲೆ ಠಾಣೆಯ ಮೆಟ್ಟಿಲು ಹತ್ತುವುದು ಕ್ಷೇಮ.