ನೊಯ್‌ರೊಯ್ಟ್ ಬೆಟ್ಟ ಮತ್ತು ಅಮ್ಮನ ಉಣಗೋಲು



ಊರಿನಿಂದ ಅಪ್ಪ-ಅಮ್ಮ ಬಂದಾಗ ಮ್ಯೂನಿಕ್ ಕಡೆಯ ಕನ್ನಡಿಗರಿಗೆಲ್ಲ ಒಂದೇ ಚಿಂತೆ: ಅರಮನೆ ಆಯಿತು, ಪೇಟೆ ಆಯಿತು, ಇನ್ನೆಲ್ಲಿಗೆ ಕರೆದೊಯ್ಯುವುದು? ಆಲ್ಪ್ಸ್ ಎಂದ ಕೂಡಲೇ ಹಗ್ಗ, ಹಿಮ, ಮೊಳೆ ಬೂಟು ನೆನೆದು ಅವರು ಹಿಂಜರಿಯುತ್ತಾರೆ. ನಮ್ಮ ಮನೆಯಲ್ಲಿ ಎಪ್ಪತ್ತು ಸಮೀಪಿಸಿದ ಅಮ್ಮನಿಗೂ ಏಳು ವರ್ಷದ ಮಗಳಿಗೂ ಒಟ್ಟಿಗೆ ಒಪ್ಪಿಗೆಯಾದ ಬೆಟ್ಟವೊಂದಿದೆ. ಟೆಗರ್ನ್‌ಸೀ ಸರೋವರದ ಪಕ್ಕದ ನೊಯ್‌ರೊಯ್ಟ್, ಎತ್ತರ 1,261 ಮೀಟರ್.

ಮ್ಯೂನಿಕ್‌ನ ಮುಖ್ಯ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಹತ್ತುವ ಮುಂಚೆ ಡಬ್ಬಿಯ ಮೇಲಿನ ಊರಿನ ಹೆಸರು ಓದಿಕೊಳ್ಳಿ. ಒಂದೇ ರೈಲು ಹೋಲ್ಟ್ಸ್‌ಕಿರ್ಷನ್ ಮತ್ತು ಷಾಫ್ಟ್‌ಲಾಖ್‌ಗಳಲ್ಲಿ ಕವಲಾಗಿ ಬೇರೆ ಬೇರೆ ಊರಿಗೆ ಹೋಗುತ್ತದೆ. ಮೊದಲ ಸಲ ನಾವು ಹರಟುತ್ತ ತಪ್ಪು ಡಬ್ಬಿಯಲ್ಲಿ ಕೂತು, ಬುತ್ತಿಯ ಸಮೇತ ಲೆಂಗ್ರೀಸ್ ನೋಡಿಕೊಂಡು ಬಂದವರು!

ಟೆಗರ್ನ್‌ಸೀ ಊರಲ್ಲಿ ಎಂಟನೆಯ ಶತಮಾನದಲ್ಲಿ ಸ್ಥಾಪನೆಯಾದ ಬೆನೆಡಿಕ್ಟೈನ್ ಮಠವಿತ್ತು. 1803ರಲ್ಲಿ ಅದು ಮುಚ್ಚಿತು. ಅಲ್ಲಿದ್ದ ಹನ್ನೆರಡನೆಯ ಶತಮಾನದ ಹಸ್ತಪ್ರತಿಯೊಂದರಲ್ಲಿ, ಲ್ಯಾಟಿನ್ ಪತ್ರವೊಂದರ ಕೊನೆಗೆ, ಹೆಸರಿಲ್ಲದ ಯಾರೋ ಬರೆದ ಪುಟ್ಟ ಜರ್ಮನ್ ಪ್ರೇಮಕವಿತೆ ಸಿಕ್ಕಿದೆ. ಜರ್ಮನ್ ಭಾಷೆಯ ಬಹಳ ಹಳೆಯ ಪ್ರೇಮಕವಿತೆಗಳಲ್ಲಿ ಅದೂ ಒಂದು. ಈಗ ಮ್ಯೂನಿಕ್‌ನ ಬವೇರಿಯಾ ರಾಜ್ಯ ಗ್ರಂಥಾಲಯದಲ್ಲಿದೆ. ನಮ್ಮ ಬಳಗದವರು ಇಷ್ಟನ್ನು ತಿಳಿದೇ ಬೆಟ್ಟ ಹತ್ತಿದರೆ ಚೆಂದ.

ನಿಲ್ದಾಣದಿಂದಲೇ ಹಳದಿ ಫಲಕಗಳು ದಾರಿ ತೋರಿಸುತ್ತವೆ. ಒಟ್ಟು ಏರು ಸುಮಾರು 500 ಮೀಟರ್. ಬಿರುಸಾಗಿ ನಡೆಯುವವರಿಗೆ ಒಂದೂವರೆ ಗಂಟೆ. ಅಜ್ಜಿ-ಮೊಮ್ಮಗಳ ಜೋಡಿಗೆ ಎರಡು ಗಂಟೆಯ ಮೇಲೆ. ಕಾಡಿನೊಳಗಿನ ಕಡಿದಾದ ಕಾಲುದಾರಿಯೂ ಇದೆ, ಬಳಸಿಕೊಂಡು ಹೋಗುವ ಅಗಲವಾದ ಜಲ್ಲಿ ದಾರಿಯೂ ಇದೆ. ಎರಡನೆಯದನ್ನೇ ಹಿಡಿಯಿರಿ. ಬೀಚ್, ಸ್ಪ್ರೂಸ್ ಮರಗಳ ನೆರಳಲ್ಲಿ ಏರಿ ಏರಿ ಹೋದಂತೆ ತಟ್ಟನೆ ಕಾಡು ಮುಗಿದು ಹಸಿರು ಬಯಲು ತೆರೆದುಕೊಳ್ಳುತ್ತದೆ. ಕೆಳಗೆ ಸರೋವರ, ಎದುರಿಗೆ ವಾಲ್‌ಬೆರ್ಗ್, ಬೆನ್ನ ಹಿಂದೆ ಬಿಸಿ ಸೂಪಿನ ಹೋಟೆಲು.

ಅಮ್ಮ ಬೆಂಚಿನ ಮೇಲೆ ಕೂತು ಸುತ್ತ ನೋಡಿ ಕೇಳಿದಳು: "ಅಲ್ಲ ಕಣೋ, ಸುತ್ತ ಇಷ್ಟು ಕಾಡಿದೆ. ಇಲ್ಲಿ ಮಾತ್ರ ಯಾಕೆ ಮರ ಇಲ್ಲ?"

ಎತ್ತರದ ಚಳಿಯಿಂದ ಎಂದುಬಿಟ್ಟೆ. ಅದು ತಪ್ಪು. ಇಲ್ಲಿ ಸುಮಾರು 1,700 ಮೀಟರ್‌ವರೆಗೂ ಮರ ಬೆಳೆಯಬಲ್ಲದು. ಉತ್ತರ ಬೆಟ್ಟದ ಹೆಸರಲ್ಲೇ ಇತ್ತು. 'ನೊಯ್' ಎಂದರೆ ಹೊಸದು, 'ರೊಯ್ಟ್' ಎಂದರೆ ಕಾಡು ಕಡಿದು ಬಯಲು ಮಾಡಿದ ಜಾಗ. ಈ ಸೀಮೆಯಲ್ಲಿ ಕಾಡು ಕಡಿಸಿ ಹೊಲ, ಹುಲ್ಲುಗಾವಲು ಮಾಡಿಸಿದವರಲ್ಲಿ ಕೆಳಗಿನ ಮಠದವರ ಪಾಲೂ ದೊಡ್ಡದು.

ಲೆಕ್ಕಾಚಾರ ಸರಳವಾದದ್ದು. ಕಣಿವೆಯ ಹುಲ್ಲನ್ನೆಲ್ಲ ಬೇಸಿಗೆಯಲ್ಲಿ ದನ ಮೇಯ್ದುಬಿಟ್ಟರೆ ಚಳಿಗಾಲಕ್ಕೆ ಒಣಹುಲ್ಲು ಉಳಿಯದು. ಆದ್ದರಿಂದ ಮೇ ಕೊನೆ, ಜೂನ್ ಹೊತ್ತಿಗೆ ದನಗಳನ್ನು ಮೇಲಕ್ಕೆ ಅಟ್ಟುತ್ತಾರೆ, ಸೆಪ್ಟೆಂಬರಿನಲ್ಲಿ ಇಳಿಸುತ್ತಾರೆ. ಈ ಬೇಸಿಗೆ ಗೋಮಾಳಕ್ಕೆ ಬವೇರಿಯಾದಲ್ಲಿ 'ಆಲ್ಮ್' ಎಂದು ಹೆಸರು. ಬೇಸಿಗೆಯಿಡೀ ದನಗಳಿಗೆ ಯಾವ ಅವಘಡವೂ ಆಗದಿದ್ದರೆ, ಇಳಿಯುವಾಗ ಹೂವಿನ ಕಿರೀಟ ಕಟ್ಟಿ ಮೆರವಣಿಗೆ ಮಾಡುತ್ತಾರೆ. ಒಂದು ದನ ಸತ್ತಿದ್ದರೂ ಅಲಂಕಾರವಿಲ್ಲ.

ದನ ಮೇಯುವುದು ನಿಂತರೆ ಮೊದಲು ಪೊದೆ, ಆಮೇಲೆ ಸ್ಪ್ರೂಸ್ ಸಸಿ ಏಳುತ್ತವೆ; ಕೆಲವು ದಶಕಗಳಲ್ಲಿ ಬಯಲು ಹೋಗಿ ಕಾಡಾಗುತ್ತದೆ. ಅದಕ್ಕೇ ಆಲ್ಮ್‌ನವರು ಸಸಿ, ಮುಳ್ಳುಪೊದೆಗಳನ್ನು ಕೈಯಾರೆ ಸವರುತ್ತಲೂ ಇರುತ್ತಾರೆ. ನಾವು ಪ್ರಕೃತಿ ಸೌಂದರ್ಯ ಎಂದು ಫೋಟೋ ತೆಗೆಯುವ ಬಯಲು, ಶತಮಾನಗಳಿಂದ ಯಾರೋ ಬಿಡದೆ ಮಾಡಿಕೊಂಡು ಬಂದ ಕೆಲಸ.

ನಮ್ಮ ಕುದುರೆಮುಖ, ಬಾಬಾಬುಡನ್‌ಗಿರಿಗಳಲ್ಲಿ ಕಥೆ ಬೇರೆ. ಅಲ್ಲಿ ಕಣಿವೆಯ ಮಡಿಲಲ್ಲಿ ಶೋಲಾ ಕಾಡು, ಇಳಿಜಾರಿನಲ್ಲಿ ಹುಲ್ಲು. ಆ ಹುಲ್ಲು ಸಹಜವಾದದ್ದು, ಬಹು ಪುರಾತನವಾದದ್ದು. ಅದನ್ನು ಬರಿ ಬೋಳು ಜಾಗವೆಂದು ತಿಳಿದು ಅಕೇಶಿಯಾ ನೆಟ್ಟದ್ದೂ ಉಂಟು. ಕಣ್ಣಿಗೆ ಎರಡೂ ಒಂದೇ ಹಸಿರು. ಇಲ್ಲಿ ಕೈ ಆಡಿಸದಿದ್ದರೆ ಬಯಲು ಅಳಿಯುತ್ತದೆ, ಅಲ್ಲಿ ಕೈ ಆಡಿಸಿದರೆ ಅಳಿಯುತ್ತದೆ. ಆಲ್ಮ್‌ಗೆ ಸರಿಯಾದ ಹೋಲಿಕೆ ಮಲೆನಾಡಿನ ಮನೆಗಳವರು ಮೇವಿಗೆಂದು ಕಾಪಾಡುವ ಬೇಣ.

ಶಕ್ತಿಯಿದ್ದವರು ಏಣಿನ ಮೇಲೆ ಇನ್ನೊಂದು ಗಂಟೆ ನಡೆದರೆ ಗಿಂಡೆಲ್‌ಆಲ್ಮ್; ಅಲ್ಲಿಂದ ಶ್ಲೀರ್‌ಸೀಗೆ ಇಳಿದು ಅಲ್ಲಿನ ರೈಲಿನಲ್ಲೇ ಮರಳಬಹುದು. ಈ ದಾರಿಯಲ್ಲಿ ಬೇಲಿ ದಾಟಬೇಕು. ನಿಯಮ ಒಂದೇ: ತೆಗೆದ ಗೇಟನ್ನು ಮುಚ್ಚಿ. ಕರುವಿನ ಜೊತೆಗಿರುವ ಹಸುವಿನಿಂದ ದೂರವಿರಿ. ಮಕ್ಕಳು ಮುಟ್ಟಲು ಹೋಗದಿರಲಿ. ಬೇಸಿಗೆಯ ಮಧ್ಯಾಹ್ನ ಗುಡುಗು-ಮಿಂಚು ಸಾಮಾನ್ಯ, ಬೆಳಿಗ್ಗೆಯೇ ಹೊರಡಿ. ಹುಲ್ಲಿನಲ್ಲಿ ಆಡಿದ ಮಕ್ಕಳ ಮೈಮೇಲೆ ಉಣ್ಣಿ ಇದೆಯೇ ಎಂದು ಮನೆಗೆ ಬಂದ ಮೇಲೆ ನೋಡಿ. ಇಲ್ಲಿನ ಉಣ್ಣಿ ಹರಡುವ ಮಿದುಳಿನ ಉರಿಯೂತದ ವೈರಸ್ಸು, 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ವೈರಸ್ಸಿನ ನೆಂಟ. ಇಲ್ಲಿಯದಕ್ಕೆ ಲಸಿಕೆ ಇದೆ, ವೈದ್ಯರನ್ನು ಕೇಳಿ.

ಅಂದು ಬೇಲಿಯಲ್ಲಿ ಎರಡು ಕಂಬದ ನಡುವೆ ಗಳು ಸರಿಸುವ ದಾಟೊಂದು ಸಿಕ್ಕಿತು. ಅಮ್ಮ ನಕ್ಕಳು: "ಅಯ್ಯೋ, ಇದು ನಮ್ಮ ಉಣಗೋಲು!" ನಾನು ಆ ಪದ ಕೇಳಿ ಮೂವತ್ತು ವರ್ಷವಾಗಿತ್ತು. ಮಗಳಿಗಂತೂ ಅದಕ್ಕೆ ಯಾವ ಭಾಷೆಯಲ್ಲೂ ಪದವಿರಲಿಲ್ಲ. ಅಮ್ಮ ಗಳು ಸರಿಸಿ, ನಮ್ಮನ್ನೆಲ್ಲ ದಾಟಿಸಿ, ತಿರುಗಿ ಹಾಕುವುದನ್ನು ಕಲಿಸಿಕೊಟ್ಟಳು.

ಅಮ್ಮ ಊರಿಗೆ ಹೋಗಿ ವರ್ಷವಾಯಿತು. ಈಚೆಗೆ ಅದೇ ದಾರಿಯಲ್ಲಿ ಹೋದಾಗ ನಾನು ಮಾತಿನ ಭರದಲ್ಲಿ ಮುಂದೆ ನಡೆದುಬಿಟ್ಟಿದ್ದೆ. ಹಿಂದಿನಿಂದ ಮಗಳು ಕೂಗಿದಳು: "ಅಪ್ಪಾ, ಉಣಗೋಲು ಹಾಕಿಲ್ಲ!"

ಹಿಂದಿರುಗಿ ಹೋಗಿ ಹಾಕಿ ಬಂದೆ.