ತಾತನ ಕೈಗೆ ಲಾಳಿ ಕೊಡಿ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆ ಮೇಲೆ ಅಶೋಕನ ಶಾಸನ ಇದೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅದನ್ನ ಬೆಳಕಿಗೆ ತಂದರು. ಸರಿ, ಅದೇ ತಾಲ್ಲೂಕಲ್ಲಿ ರೇಷ್ಮೆ ಸೀರೆ ನೇಯ್ದ ನಿಮ್ಮ ತಾತನ ಚರಿತ್ರೆ? ಯಾವ ಬಂಡೆ ಮೇಲೂ ಇಲ್ಲ. ಕ್ಲಾಸಲ್ಲಿ ಆ ಕಥೆ ಹೇಳಬೇಕಂದ್ರೆ ನೀವೇ ಕೇಳಿ ಬರ್ಕೋಬೇಕು.

“ನಿನ್ನ ಜೀವನದ ಬಗ್ಗೆ ಹೇಳು ತಾತ” ಅಂದ್ರೆ, “ನಂದೇನೈತಪ್ಪ ಹೇಳಾಕೆ” ಅಂತ ಎದ್ದು ಹೋಗ್ತಾರೆ. ಅದರ ಬದಲು ಮಗ್ಗದ ಲಾಳಿ ಕೈಗೆ ಕೊಡಿ. ಇದನ್ನ ಮೊದಲು ಹಿಡಿದಾಗ ವಯಸ್ಸೆಷ್ಟು? ಕಲಿಸಿದೋರು ಯಾರು? ಮೊದಲ ಕೂಲಿಯಲ್ಲಿ ಏನು ತಗೊಂಡೆ? ಇಸವಿ ನೆನಪಿರಲ್ಲ, ಒತ್ತಾಯ ಬೇಡ. “ಆ ಬರಕ್ಕೆ ಮುಂಚೆನಾ, ಆಮೇಲಾ?” ಅಂತ ಕೇಳಿ. ನಮ್ಮ ಕಡೆ ಬರಗಾಲವೇ ಕ್ಯಾಲೆಂಡರ್ರು.

ಕೂತು ಕೇಳಿದ್ರೆ ಏನು ಸಿಗುತ್ತೆ ನೋಡಿ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಓದು-ಬರಹ ಬರ್ತಿರಲಿಲ್ಲ. ಬಾಯಲ್ಲಿ ಸಾವಿರಾರು ಹಾಡು. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರರು ಎದುರು ಕೂತು ಕೇಳಿದ್ದಕ್ಕೆ ಅವು ಪುಸ್ತಕಕ್ಕೆ ಬಂದವು.

ಕ್ಲಾಸಲ್ಲಿ ಹೇಳುವಾಗ ತಾತನ ಮಾತನ್ನ ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಬೇಡ ಅಂದದ್ದನ್ನ ಬಿಟ್ಟುಬಿಡಿ. ಆವತ್ತು ತಾತನನ್ನೂ ಕರ್ಕೊಂಡು ಬಂದು ಮುಂದಿನ ಬೆಂಚಲ್ಲಿ ಕೂರಿಸಿ. ನೀವು ತಪ್ಪು ಹೇಳಿದ್ರೆ ಅಲ್ಲಿಂದಲೇ ಕೂಗ್ತಾರೆ.